ನಿದ್ದೆಯಲ್ಲಿ ಕೊಟ್ಟ ಮಾತು

ನನಗೆ ಎಲ್ಲಿ ಬೇಕಾದರೂ ನಿದ್ದೆ ಬರುತ್ತದೆ. ಕುರ್ಚಿಯಲ್ಲಿ, ಬಸ್ಸಿನಲ್ಲಿ, ಮದುವೆ ಮಂಟಪದಲ್ಲಿ, ಹಲ್ಲಿನ ಡಾಕ್ಟರ ಬಾಗಿಲ ಮುಂದೆ ಕೂತಾಗಲೂ. ಎರಡು ಅವಧಿ ಶಾಸಕಿಯಾಗಿದ್ದವಳು ಈಗ ಬೀದರಿನ ಮೈಲೂರು ಬಡಾವಣೆಯ ಮನೆಯ ಪಡಸಾಲೆಯಲ್ಲಿ ಊಟವಾದ ಮೇಲೆ ಕಣ್ಣು ಮುಚ್ಚಿದರೆ, ಬೆಂಗಳೂರಿನ ಆ ದೊಡ್ಡ ಕಟ್ಟಡ ಕನಸಿನಲ್ಲಿ ಬರುತ್ತದೇನೋ ಎಂದು ನೋಡಲು ಬಂದವರು ಕೇಳುತ್ತಾರೆ. ಬರುವುದಿಲ್ಲ. ಬರುವುದು ದಾರಿ.

ದಾರಿ ಎಂದರೆ ಬೀದರಿನಿಂದ ಭಾಲ್ಕಿಗೆ ಹೋಗುವ ದಾರಿ. ಊರು ಬಿಡುವಾಗ ಮಣ್ಣು ಕೆಂಪಗಿರುತ್ತದೆ. ಮುಂದೆ ಎಲ್ಲೋ ಒಂದು ಕಡೆ ಅದು ಕಪ್ಪಾಗಿಬಿಡುತ್ತದೆ. ಸಾವಿರ ಸಲ ಓಡಾಡಿದರೂ ಎಲ್ಲಿ ಎಂದು ನನಗೆ ಹಿಡಿಯಲಾಗಲಿಲ್ಲ, ಅಷ್ಟರಲ್ಲಿ ಜೊಂಪು ಹತ್ತಿರುತ್ತಿತ್ತು. ನದಿಯ ಸೇತುವೆ, ಕಬ್ಬು ಹೇರಿಕೊಂಡು ತೂಗಾಡುವ ಟ್ರ್ಯಾಕ್ಟರು, ತೊಗರಿ ಹೊಲದ ಹಳದಿ ಹೂವು. ಕನಸಿನಲ್ಲಿ ಗಾಡಿ ಓಡುತ್ತಲೇ ಇರುತ್ತದೆ, ಯಾವ ಊರೂ ಬರುವುದಿಲ್ಲ. ಕಿಟಕಿಯ ಹೊರಗಿನಿಂದ ಯಾರೋ ಏನೋ ಹೇಳುತ್ತಿರುತ್ತಾರೆ, ನಾನು ಹೂಂ ಹೂಂ ಅನ್ನುತ್ತಿರುತ್ತೇನೆ.

ಈ ಹೂಂ ನನಗೆ ಎಲ್ಲಿಂದ ಅಂಟಿಕೊಂಡಿತು ಎನ್ನುವುದನ್ನು ಮೊದಲು ಹೇಳಬೇಕು, ಯಾಕೆಂದರೆ ನನ್ನ ರಾಜಕೀಯ ಮುಗಿದದ್ದು ಅದರಿಂದಲೇ.

ನನ್ನ ತವರು ಔರಾದ. ಅಪ್ಪ ಅಲ್ಲಿಯ ಕಚೇರಿಯೊಂದರಲ್ಲಿ ಗುಮಾಸ್ತ. ಮನೆಯಲ್ಲಿ ಅರ್ಧ ಕನ್ನಡ, ಅರ್ಧ ಮರಾಠಿ. ಅಜ್ಜಿಗೆ ಸಿಟ್ಟು ಬಂದರೆ ಪೂರ್ತಿ ಮರಾಠಿ. ಬೇಸಿಗೆ ರಜೆಯ ಮಧ್ಯಾಹ್ನ ಅಜ್ಜಿ ಕಾಲು ಚಾಚಿ ಕೂತು ಮೊರದಲ್ಲಿ ಬೇಳೆ ಹಸನು ಮಾಡುತ್ತಾ ಕತೆ ಹೇಳುತ್ತಿದ್ದಳು. ನಾನು ಅವಳ ಪಕ್ಕಕ್ಕೆ ಒರಗಿ ಮಲಗಿರುತ್ತಿದ್ದೆ. ಅವಳದು ಒಂದೇ ಕರಾರು, ಪ್ರತಿ ಮಾತಿಗೂ ಹೂಂ ಅನ್ನಬೇಕು. ನಮ್ಮ ಕಡೆ ಹೂಂಗುಟ್ಟುವವರು ಇಲ್ಲದೆ ಯಾರೂ ಕತೆಗೆ ಬಾಯಿ ಬಿಡುವುದಿಲ್ಲ. ಹೂಂ ನಿಂತಿತೋ, ಕತೆ ಅಲ್ಲಿಗೆ ನಿಂತಿತು. ನಿಂತ ಕತೆಯನ್ನು ಅಜ್ಜಿ ಮತ್ತೆ ಎತ್ತುತ್ತಲೂ ಇರಲಿಲ್ಲ. ಬಾವಿಗೆ ಬಿದ್ದ ರಾಜಕುಮಾರಿ ಬಾವಿಯಲ್ಲೇ ಇರುತ್ತಿದ್ದಳು, ನಾನು ಎಷ್ಟು ಗೋಗರೆದರೂ ಅವಳನ್ನು ಮೇಲೆತ್ತುತ್ತಿರಲಿಲ್ಲ.

ಆ ಹೆದರಿಕೆಗೆ ನಾನು ನಿದ್ದೆಯಲ್ಲೂ ಹೂಂ ಅನ್ನುವುದನ್ನು ಕಲಿತೆ. ಕತೆ ಮುಂದೆ ಹೋಗುತ್ತಿತ್ತು, ನಾನೂ ನನ್ನ ನಿದ್ದೆಯೊಳಗೆ ಮುಂದೆ ಹೋಗುತ್ತಿದ್ದೆ, ಎರಡೂ ಎಲ್ಲೋ ಒಂದಾಗಿ ಬಿಡುತ್ತಿದ್ದವು. ಎಷ್ಟೋ ಕತೆಗಳಲ್ಲಿ ಅಜ್ಜಿ ಹೇಳಿದ್ದು ಯಾವುದು, ನಾನು ಕಂಡದ್ದು ಯಾವುದು ಎಂದು ನನಗೆ ಈಗಲೂ ಗೊತ್ತಿಲ್ಲ. ಅಜ್ಜಿಗೆ ಈ ಗುಟ್ಟು ತಿಳಿಯಲು ಒಂದು ಇಡೀ ಬೇಸಿಗೆ ಬೇಕಾಯಿತು. ತಿಳಿದ ದಿನ ಮೊರ ಕೆಳಗಿಟ್ಟು, "ಈ ಪೋರಿ ಮುಂದ ಯಾರ‍್ಯಾರಿಗೆ ಮೋಸ ಮಾಡ್ತದೋ ಏನೋ," ಎಂದು ಅಮ್ಮನಿಗೆ ಹೇಳಿದಳು. ಅಮ್ಮ ನಕ್ಕಳು, ನಾನೂ ನಕ್ಕೆ.

ಮದುವೆಯಾಗಿ ಬೀದರಿಗೆ ಬಂದೆ. ಗಂಡನಿಗೆ ಬ್ಯಾಂಕಿನಲ್ಲಿ ಕೆಲಸ, ನನಗೆ ಭಾಲ್ಕಿ ಕಡೆಯ ಹಳ್ಳಿಗಳ ಶಾಲೆಗಳಲ್ಲಿ ಮಾಸ್ತರಿಕೆ. ಹದಿನಾಲ್ಕು ವರ್ಷ ಕಲಿಸಿದೆ. ಒಳ್ಳೆಯ ಟೀಚರ್ ಎಂಬ ಹೆಸರಿತ್ತು, ಹಾಗಂತ ನಾನೇ ಹೇಳಿಕೊಳ್ಳುತ್ತಿದ್ದೇನೆ. ಮಧ್ಯಾಹ್ನದ ಕೊನೆಯ ತಾಸಿನಲ್ಲಿ ಮಾತ್ರ ನನ್ನ ವರ್ಗ ಯಾಕೋ ಅರ್ಧ ಖಾಲಿಯಾಗಿರುತ್ತಿತ್ತು. ಹುಡುಗರು ಹೊಲದ ಕೆಲಸಕ್ಕೆ ಹೋಗುತ್ತಾರೆ ಎಂದುಕೊಂಡಿದ್ದೆ.

ಆಗ ಪಾರ್ಟಿಯಲ್ಲಿ ಇಬ್ಬರು ಗಂಡಸರು ಟಿಕೆಟ್ಟಿಗೆ ಹಟ ಹಿಡಿದು ಕೂತಿದ್ದರು. ಇಬ್ಬರಲ್ಲಿ ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರು ಕೆಡಿಸುತ್ತಾರೆ. ಹೀಗಾಗಿ ಇಬ್ಬರಿಗೂ ಲೆಕ್ಕಕ್ಕಿಲ್ಲದ ಒಬ್ಬ ಹೆಂಗಸನ್ನು ಹುಡುಕಿದರು. ನಾನು ನೌಕರಿಗೆ ರಾಜೀನಾಮೆ ಕೊಟ್ಟು ನಿಂತೆ. ಗೆಲ್ಲುತ್ತೇನೆ ಎಂದು ನನ್ನನ್ನು ನಿಲ್ಲಿಸಿದವರಿಗೂ ಅನಿಸಿರಲಿಲ್ಲ. ಆದರೆ ನನ್ನ ಕೈಯಲ್ಲಿ ಏಟು ತಿಂದ ಮಕ್ಕಳು ಹಳ್ಳಿ ಹಳ್ಳಿಯಲ್ಲಿ ದೊಡ್ಡವರಾಗಿದ್ದರು. "ನಮ್ಮ ಅಕ್ಕೋರು" ಎಂದು ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗಿ ವೋಟು ಹಾಕಿದರು. ನಮ್ಮ ಕಡೆ ಟೀಚರನ್ನು ಅಕ್ಕೋರು ಎನ್ನುತ್ತಾರೆ, ಶಾಸಕಿಯಾದ ಮೇಲೂ ನಾನು ಎಲ್ಲರಿಗೂ ಅಕ್ಕೋರೇ ಆಗಿ ಉಳಿದೆ.

ಮೊದಲ ವರ್ಷ ನನಗೆ ಪಾಠ ಹೇಳಿದವರು ನಮ್ಮ ಪಕ್ಷದ ಹಿರಿಯ ಶಾಸಕರೊಬ್ಬರು. ಬಂದವರಿಗೆಲ್ಲ ಆಗುತ್ತದೆ, ಮಾಡಿಸುತ್ತೇನೆ ಎಂದು ನಾನು ಒಪ್ಪಿಕೊಳ್ಳುವುದನ್ನು ನೋಡಿ ಅವರಿಗೆ ತಡೆಯಲಾಗಲಿಲ್ಲ. ಬೀದರಿನ ಪ್ರವಾಸಿ ಮಂದಿರದಲ್ಲಿ ಚಾ ಕುಡಿಯುತ್ತಾ ಹೇಳಿದರು:

"ಅಕ್ಕೋರ, ಇಲ್ಲ ಅನಬ್ಯಾಡ್ರಿ, ವೋಟು ಹೋಗ್ತದ. ಹೂಂ ಅನಬ್ಯಾಡ್ರಿ, ನಿದ್ದಿ ಹೋಗ್ತದ. ನೋಡೋಣ ಅನ್ರಿ. ನೋಡೋಣ ಅಂದ್ರ ಯಾರಿಗೂ ಏನೂ ಆಗಂಗಿಲ್ಲ."

ನಾನು ಜಾಣ ವಿದ್ಯಾರ್ಥಿನಿ. ಒಂದೇ ವರ್ಷದಲ್ಲಿ ಆ ಮಾತಿನಲ್ಲಿ ಪಳಗಿಬಿಟ್ಟೆ. ಕೈ ಹಿಡಿದು ಹೇಳುವ ನೋಡೋಣ, ಭುಜ ತಟ್ಟಿ ಹೇಳುವ ನೋಡೋಣ, ಅರ್ಜಿಯ ಮೇಲೆ ಸಹಿ ಹಾಕಿ ಯಾರಿಗೋ ಕೊಡುತ್ತಾ ಹೇಳುವ ನೋಡೋಣ. ಜನ ನಗುತ್ತಾ ಹೋಗುತ್ತಿದ್ದರು, ನಾನೂ ಹಗುರಾಗುತ್ತಿದ್ದೆ. ಒಂದು ದಿನ ಗಂಡ, "ಶಾಸಕರೇ, ಸಂಜಿಗೆ ಪುಂಡಿಪಲ್ಯ ಮಾಡಸಲೇನು?" ಎಂದು ಕೇಳಿದರು. ನಾನು ಪೇಪರಿನಿಂದ ತಲೆ ಎತ್ತದೆ, "ನೋಡೋಣ್ರಿ," ಅಂದೆನಂತೆ. ಅವರು ಅದನ್ನು ನೆಂಟರ ಮುಂದೆಲ್ಲ ಹೇಳಿ ನನ್ನ ಮಾನ ತೆಗೆದರು.

ಸದನದಲ್ಲೂ ನನ್ನ ನಿದ್ದೆ ನನ್ನನ್ನು ಬಿಡಲಿಲ್ಲ. ಊಟವಾದ ಮೇಲಿನ ಕಲಾಪ, ತಂಪು ಗಾಳಿ, ಯಾರೋ ಏರಿಳಿತವಿಲ್ಲದೆ ಓದುವ ಅಂಕಿ ಸಂಖ್ಯೆ. ನಾವು ವಿರೋಧ ಪಕ್ಷದಲ್ಲಿದ್ದ ದಿನಗಳಲ್ಲಿ ಒಮ್ಮೆ ಮಸೂದೆಯೊಂದನ್ನು ಧ್ವನಿಮತಕ್ಕೆ ಹಾಕಿದರು. ಪರವಾಗಿರುವವರು ಹೌದು ಎನ್ನಬೇಕು ಎಂದಾಗ ನಮ್ಮ ಸಾಲಿನಿಂದ ಒಂದೇ ಒಂದು ಹೂಂ ಕೇಳಿಸಿತು. ಅದು ನನ್ನದು. ಪಕ್ಕದಲ್ಲಿ ಕೂತಿದ್ದ ಸದಸ್ಯರು ಮೊಣಕೈಯಿಂದ ತಿವಿದು ಎಬ್ಬಿಸಿದರು. ಗದ್ದಲದಲ್ಲಿ ಬೇರೆ ಯಾರಿಗೂ ಗೊತ್ತಾಗಲಿಲ್ಲ, ನನ್ನ ಪುಣ್ಯ.

ಎರಡನೇ ಸಲ ಗೆದ್ದಾಗ ಸರ್ಕಾರ ನಮ್ಮದೇ ಬಂತು. ಓಡಾಟ ಇಮ್ಮಡಿಯಾಯಿತು. ಬೆಂಗಳೂರಿನ ರೈಲು ಬೆಳಿಗ್ಗೆ ನನ್ನನ್ನು ಬೀದರಿಗೆ ತಂದು ಬಿಡುತ್ತಿತ್ತು. ಸ್ನಾನ, ಎರಡು ರೊಟ್ಟಿ, ಮತ್ತೆ ಗಾಡಿ. ಗಾಡಿ ನಡೆಸುತ್ತಿದ್ದ ಚಾಚಾ ಬೀದರಿನ ಹಳೇ ಊರಿನವರು, ನನಗಿಂತ ಹತ್ತು ವರ್ಷ ದೊಡ್ಡವರು. ಅವರು ಹಾರ್ನ್ ಹೊಡೆಯುವುದೇ ಅಪರೂಪ, ತಗ್ಗು ಬಂದರೆ ಗಾಡಿಯನ್ನು ನೀರಿನಲ್ಲಿ ಇಳಿಸಿದಂತೆ ಇಳಿಸುತ್ತಿದ್ದರು. ಅವರ ಪಕ್ಕದ ಸೀಟಿನಲ್ಲಿ ಕೂತು ನಾನು ಎಷ್ಟು ನಿದ್ದೆ ಮಾಡಿದ್ದೇನೋ, ಅಷ್ಟು ನಿದ್ದೆಯನ್ನು ಹಾಸಿಗೆಯಲ್ಲಿ ಮಾಡಿಲ್ಲ. ಕಣ್ಣಿನ ಆಪರೇಷನ್ ಆದ ಮೇಲೆ ಕಪ್ಪು ಚಶ್ಮಾ ಬೇರೆ ಬಂತು. ಒಳಗೆ ಕಣ್ಣು ತೆರೆದಿದೆಯೋ ಮುಚ್ಚಿದೆಯೋ ಹೊರಗಿನವರಿಗೆ ತಿಳಿಯುವಂತಿರಲಿಲ್ಲ.

ಭಾಲ್ಕಿಯ ಹತ್ತಿರ ಒಂದು ರೈಲ್ವೆ ಗೇಟಿತ್ತು. ಅದು ಮುಚ್ಚಿದರೆ ಗಾಡಿ ಕಾಲು ತಾಸು ನಿಲ್ಲುತ್ತಿತ್ತು. ಜನಕ್ಕೆ ಇದು ಚೆನ್ನಾಗಿ ಗೊತ್ತಿತ್ತು. ಅರ್ಜಿ ಹಿಡಿದುಕೊಂಡು ಅಲ್ಲೇ ಬೇವಿನ ಮರದ ಕೆಳಗೆ ಕಾಯುತ್ತಿದ್ದರು. ಗೇಟು ಬಿದ್ದ ಕೂಡಲೇ ಕಿಟಕಿಗೆ ಬರುತ್ತಿದ್ದರು. ನನ್ನ ಅರ್ಧ ರಾಜಕೀಯ ನಡೆದದ್ದು ಆ ಗೇಟಿನ ಬುಡದಲ್ಲಿ, ಶೇಂಗಾ ಮಾರುವವರ ನಡುವೆ.

ಜುಲೈ ತಿಂಗಳ ಒಂದು ಬೆಳಿಗ್ಗೆ, ಸಣ್ಣಗೆ ಮಳೆ ಜಿನುಗುತ್ತಿದ್ದಾಗ, ಮೈಲೂರಿನ ಮನೆಯ ಮೆಟ್ಟಿಲ ಮೇಲೆ ಒಬ್ಬ ಮುದುಕಿ ಬಂದು ಕೂತಳು. ಕಚ್ಚೆ ಹಾಕಿ ಉಟ್ಟ ಹಸಿರು ಸೀರೆ, ಬರಿಗಾಲು. ಜೊತೆಗೆ ಮೊಮ್ಮಗಳು, ಕಾಲೇಜಿನ ಹೊಸ ಸಮವಸ್ತ್ರದಲ್ಲಿ, ಚೀಲವನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಮುದುಕಿಯ ಊರು ಭಾಲ್ಕಿ ತಾಲೂಕಿನ ಮೆಹಕರದ ಆಚೆ, ರಸ್ತೆ ಮುಗಿಯುವಲ್ಲಿ ಇರುವ ಒಂದು ಸಣ್ಣ ಹಳ್ಳಿ. ಆ ಕಡೆ ವಯಸ್ಸಾದ ಹೆಂಗಸರನ್ನು ಆಯಿ ಅನ್ನುತ್ತಾರೆ. ನಾನೂ ಹಾಗೇ ಕರೆದೆ.

"ಬಸ್ಸು ಯಾವಾಗ ಬರ್ತದ್ರಿ, ಅಕ್ಕೋರ?" ಎಂದಳು ಆಯಿ.

"ಯಾವ ಬಸ್ಸು, ಆಯಿ?"

"ನೀವು ಹೂಂ ಅಂದೀರಲ್ರಿ, ಆ ಬಸ್ಸು."

ನನಗೆ ಏನೂ ನೆನಪಾಗಲಿಲ್ಲ. ಆಯಿ ನಿಧಾನವಾಗಿ ಬಿಡಿಸಿ ಹೇಳಿದಳು. ಅವರ ಊರಿಗೆ ಬಸ್ಸಿಲ್ಲ. ಬಸ್ಸು ಹಿಡಿಯಲು ನಾಲ್ಕು ಕಿಲೋಮೀಟರ್ ನಡೆದು ದೊಡ್ಡ ರಸ್ತೆಯ ತಿರುವಿಗೆ ಬರಬೇಕು. ದಾರಿಯಲ್ಲಿ ಕಬ್ಬು ಆಳೆತ್ತರ ಬೆಳೆದಿರುತ್ತದೆ, ಹುಡುಗಿಯರನ್ನು ಒಬ್ಬೊಬ್ಬರನ್ನೇ ಯಾರೂ ಕಳಿಸುವುದಿಲ್ಲ. ಹತ್ತನೆಯ ತರಗತಿ ಮುಗಿಸಿದವರೆಲ್ಲ ಮನೆಯಲ್ಲೇ ಉಳಿದಿದ್ದರು. ಈ ಮೊಮ್ಮಗಳು ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದ್ದಳು. ಅಪ್ಪ ಬೇಡ ಎಂದ, ಕಾಕಾ ಬೇಡ ಎಂದ. ಆಗ ಆಯಿ, ಅಕ್ಕೋರು ಹೂಂ ಅಂದಾರ, ಬಸ್ಸು ಬರ್ತದ ಎಂದು ಎದುರು ನಿಂತಳು. ಆ ಒಂದು ಮಾತಿನ ಮೇಲೆ ಭಾಲ್ಕಿಯ ಕಾಲೇಜಿನಲ್ಲಿ ಹೆಸರು ಹಚ್ಚಿಸಿದರು. ಕಾಲೇಜು ಶುರುವಾಗಿತ್ತು. ಸದ್ಯಕ್ಕೆ ಕಾಕಾ ಮೋಟರ್ ಸೈಕಲ್ಲಿನಲ್ಲಿ ತಿರುವಿನ ತನಕ ಬಿಡುತ್ತಿದ್ದ.

"ದಸರಾ ತನಕ ಬಿಡ್ತೇನಿ ಅಂದಾನ್ರಿ. ಆಮ್ಯಾಲ ಸೋಯಾ ರಾಶಿ ಬರ್ತದ, ನನಗಾಗಂಗಿಲ್ಲ, ಹುಡುಗಿ ಮನ್ಯಾಗ ಇರ್ಲಿ ಅಂತಾನ್ರಿ."

ಹುಡುಗಿ ನೆಲ ನೋಡುತ್ತಿದ್ದಳು. ನನಗೆ ಸಿಟ್ಟು ಬಂತು. ಮುದುಕಿ ಕೆಲಸ ಮಾಡಿಸಿಕೊಳ್ಳಲು ಸುಳ್ಳು ಹೇಳುತ್ತಿದ್ದಾಳೆ ಎಂದುಕೊಂಡೆ. ನಾನು ಹೂಂ ಅನ್ನುವುದನ್ನು ಬಿಟ್ಟು ಎಂಟು ವರ್ಷವಾಗಿತ್ತು. ಗಾಡಿ ಒರೆಸುತ್ತಿದ್ದ ಚಾಚಾನನ್ನು ಕರೆದೆ.

ಚಾಚಾ ಒದ್ದೆ ಬಟ್ಟೆ ಹಿಂಡುತ್ತಾ ಬಂದರು. "ಹೌದ್ರಿ ಮೇಡಂ. ಮಾರ್ಚ್ ತಿಂಗಳಾಗ, ಗೇಟ್ ಬಂದ್ ಇತ್ತು. ಈ ಆಯಿ ಬಂದಿದ್ರು. ನೀವು ಹೂಂ ಅಂದ್ರಿ. ಎರಡ್ ಸಲ ಅಂದ್ರಿ."

ಅವರನ್ನು ಒಳಗೆ ಕರೆದುಕೊಂಡು ಹೋಗಿ ಬೈದೆ. "ನಾ ಮಲಗಿರಬೇಕು ಚಾಚಾ. ಯಾಕ ಎಬ್ಬಿಸಲಿಲ್ಲ?"

"ಕರಿ ಚಶ್ಮಾ ಹಾಕ್ಕೊಂಡಿದ್ರಿ ಮೇಡಂ. ನೀವು ಮಲಗೀರೋ, ಸೋಚ್ ಮಾಡ್ಲಿಕ್ಕತ್ತೀರೋ, ನನಗ ಹ್ಯಾಂಗ ಗೊತ್ತಾಗಬೇಕ್ರಿ?"

ಮತ್ತೆ ಹೊರಗೆ ಬಂದೆ. ನೋಡೋಣ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಒಮ್ಮೆ ಹೂಂ ಎಂದವಳು ಯಾವ ಮುಖದಿಂದ ನೋಡೋಣ ಅನ್ನಲಿ? ಹುಡುಗಿ ಆಗ ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದಳು. ಕತೆ ನಿಂತುಬಿಡುತ್ತದೆಂಬ ಹೆದರಿಕೆ ನನಗೆ ಚಿಕ್ಕಂದಿನಿಂದ ಗೊತ್ತು. ಅದೇ ಹೆದರಿಕೆ ಆ ಮುಖದಲ್ಲಿತ್ತು.

"ಬರ್ತದ ಆಯಿ," ಅಂದೆ. "ದಸರಾದ ಒಳಗ ಬರ್ತದ."

ಬಸ್ಸು ಬರಿಸುವುದು ಶಾಸಕಿಗೆ ಏನು ಮಹಾ ಎಂದು ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಡಿಪೋದ ಅಧಿಕಾರಿ ಚಾ ತರಿಸಿ, ಮರ್ಯಾದೆಯಿಂದ ಮಾತಾಡಿ, ಊರೊಳಗೆ ಬಸ್ಸು ತಿರುಗಲು ಜಾಗವಿಲ್ಲ ಎಂದರು. ಹೋಗಿ ನೋಡಿದರೆ ಅದು ಖರೆ. ರಸ್ತೆ ಹೋಗಿ ಹೋಗಿ ಆಯಿಯ ಕಣದ ಅಂಚಿನಲ್ಲಿ ಮುಗಿಯುತ್ತಿತ್ತು. ಕಣವೆಂದರೆ ಜೋಳ, ಕಡಲೆಯ ರಾಶಿ ಮಾಡಲು ಸಗಣಿ ಸಾರಿಸಿ ಗಟ್ಟಿ ಮಾಡಿದ ಅಂಗಳ, ನಡುವೆ ಎತ್ತು ಕಟ್ಟುವ ಮೇಟಿ ಕಂಬ. ಆಯಿ ನಮ್ಮ ಮುಖಗಳನ್ನು ನೋಡಿದಳು, ಕಣವನ್ನು ನೋಡಿದಳು.

"ಇಲ್ಲೇ ತಿರುಗಲಿ ಬಿಡ್ರಿ. ರಾಶಿ ಈಗ ಮಷೀನಿನ್ಯಾಗ ಆಗ್ತದ. ಮೇಟಿ ಕಿತ್ತಸ್ತೇನಿ."

ಅವಳು ಮದುವೆಯಾಗಿ ಬಂದಾಗ ಆ ಮೇಟಿಗೆ ಅರಿಶಿನ ಕುಂಕುಮ ಹಚ್ಚಿದ್ದಳಂತೆ. ಅದನ್ನು ಕಿತ್ತ ದಿನ ನಾನೂ ಇದ್ದೆ. ಅವಳು ಅಳಲಿಲ್ಲ, ತಗ್ಗಿಗೆ ಒಂದು ಹಿಡಿ ಜೋಳ ಹಾಕಿ ಮಣ್ಣು ಮುಚ್ಚಿಸಿದಳು. ಡಿಪೋದವರು ಬಂದು ಟೇಪು ಹಿಡಿದು ಅಳತೆ ಮಾಡಿ, ಸಾಕು ಎಂದು ಬರೆದುಕೊಂಡು ಹೋದರು. ಕಡತ ಮೇಲೆ ಹೋಯಿತು. ಹೋಗಿ ನನ್ನಂತೆಯೇ ಮಲಗಿತು.

ಆಗಸ್ಟ್ ಕಳೆಯಿತು. ಫೋನು ಮಾಡಿದಾಗಲೆಲ್ಲ ಪರಿಶೀಲನೆಯಲ್ಲಿದೆ ಮೇಡಂ ಅನ್ನುತ್ತಿದ್ದರು. ಎಲ್ಲೋ ಕೇಳಿದ ಧಾಟಿ ಅನಿಸುತ್ತಿತ್ತು. ಆಮೇಲೆ ಹೊಳೆಯಿತು, ಅದು ನನ್ನದೇ ನೋಡೋಣ, ಸರ್ಕಾರಿ ಕನ್ನಡದಲ್ಲಿ.

ದಸರಾಕ್ಕೆ ಮೂರು ವಾರ ಇರುವಾಗ ಅಧಿವೇಶನ ಕೂಡಿತು. ಸದನದಲ್ಲಿ ಮಂತ್ರಿಗಳು ಎದ್ದು ನಿಂತು ಉತ್ತರ ಕೊಡಬೇಕಾದ ಪ್ರಶ್ನೆಗಳಿಗೆ ಚುಕ್ಕೆ ಗುರುತಿನ ಪ್ರಶ್ನೆ ಎನ್ನುತ್ತಾರೆ. ಯಾರ ಪ್ರಶ್ನೆ ಬರುತ್ತದೆ ಎಂಬುದಕ್ಕೆ ಚೀಟಿ ಎತ್ತುತ್ತಾರೆ. ಪಕ್ಷದ ಕಚೇರಿಯವರು ನನಗೆ ಒಂದು ಪ್ರಶ್ನೆ ಬರೆದು ಕೊಟ್ಟಿದ್ದರು, ಮಂತ್ರಿಗಳು ತಮ್ಮ ಸಾಧನೆ ಹೇಳಿಕೊಳ್ಳಲು ಅನುಕೂಲವಾಗುವಂಥದು. ನಾನು ಅದನ್ನು ಕೈಚೀಲದಲ್ಲಿಟ್ಟುಕೊಂಡು, ನಾನೇ ಬರೆದದ್ದನ್ನು ಕೊಟ್ಟಿದ್ದೆ. ಮೆಹಕರದ ಆಚೆಯ ಒಂದು ಊರಿಗೆ ಒಂದು ಬಸ್ಸು. ನನ್ನ ಚೀಟಿಯೇ ಬಂತು.

ಅಚ್ಚಾದ ಉತ್ತರ ಕೈಗೆ ಬಂದಾಗ ಅದರಲ್ಲಿ ಪರಿಶೀಲನೆಯಲ್ಲಿದೆ ಎಂದಿತ್ತು. ಉಪಪ್ರಶ್ನೆ ಕೇಳಲು ಎದ್ದು ನಿಂತೆ. ಒಂದು ಬಸ್ಸಿಗಾಗಿ ಸದನದ ಸಮಯವೇ ಎಂದು ಹಿಂದಿನಿಂದ ಯಾರೋ ಗೊಣಗಿದರು. ಅಷ್ಟು ಹೊತ್ತಿಗೆ ನನಗೆ ಎಲ್ಲರ ಮೇಲೂ ಸಿಟ್ಟು ಬಂದಿತ್ತು, ಹೆಚ್ಚು ಸಿಟ್ಟು ನನ್ನ ಮೇಲೆಯೇ. ಬರೆದು ತಂದ ಕಾಗದ ಬದಿಗಿಟ್ಟೆ.

"ಅಧ್ಯಕ್ಷರೇ, ಈ ಪರಿಶೀಲನೆ ಅಂದ್ರ ಏನಂತ ನನಗ ಗೊತ್ತದ. ನಾನೂ ಜನರಿಗೆ ಅದನ್ನ ಹೇಳ್ತೇನಿ. ಇದೊಂದು ಬಸ್ಸಿಗೆ ಮಾತ್ರ ನಾ ಹೂಂ ಅಂದೀನ್ರಿ. ಖರೆ ಹೇಳಬೇಕಂದ್ರ, ನಿದ್ದಿಯಾಗ ಅಂದೀನಿ. ಗಾಡಿಯಾಗ ಮಲಗಿದ್ದೆ, ಒಬ್ಬಾಕಿ ಆಯಿ ಬಂದು ಕೇಳಿದ್ಳು, ಹೂಂ ಅಂದೆ. ಆ ಹೂಂ ನಂಬಿ ಒಂದು ಹುಡುಗಿ ಕಾಲೇಜಿಗೆ ಹೋಗ್ಲಿಕ್ಕತ್ಯಾಳ. ದಸರಾಕ್ಕ ಬಸ್ಸು ಬರಲಿಲ್ಲಂದ್ರ ಆಕಿ ಸಾಲಿ ಮುಗೀತು. ನಾ ಎಚ್ಚರಾಗೀನಿ. ಈಗೇನು ಮಾಡ್ಲಿ, ನೀವೇ ಹೇಳ್ರಿ."

ಇಡೀ ಸದನ ನಕ್ಕಿತು. ಎರಡೂ ಕಡೆಯವರು ಮೇಜು ಕುಟ್ಟಿ ನಕ್ಕರು. ಮಂತ್ರಿಗಳಿಗೂ ನಗು ತಡೆಯಲಿಲ್ಲ. ಮಾನ್ಯ ಸದಸ್ಯರು ನಿದ್ದೆಯಲ್ಲಿ ಕೊಟ್ಟ ಮಾತನ್ನು ಸರ್ಕಾರ ಎಚ್ಚರದಲ್ಲಿ ನಡೆಸಿಕೊಡುತ್ತದೆ ಎಂದು ಅವರು ಹೇಳಿದಾಗ ಇನ್ನಷ್ಟು ನಗು. ನಾನು ಕೂತೆ. ಮನಸ್ಸು ಎಷ್ಟೋ ವರ್ಷದ ಮೇಲೆ ನಿರಾಳವಾಗಿತ್ತು.

ದಸರಾಕ್ಕೆ ಆರು ದಿನ ಮೊದಲು ಬಸ್ಸು ಬಂತು. ಚೆಂಡುಹೂವಿನ ಹಾರ ಹಾಕಿಕೊಂಡು ಊರೊಳಗೆ ಬಂದು, ಕಣದಲ್ಲಿ ಒಂದು ಸುತ್ತು ತಿರುಗಿ ನಿಂತಿತು. ಮೇಟಿ ಇದ್ದ ಜಾಗದಲ್ಲಿ ಹತ್ತಾರು ಜೋಳದ ಸಸಿ ಹುಟ್ಟಿದ್ದವು, ಚಕ್ರ ಅವುಗಳ ಪಕ್ಕದಲ್ಲೇ ಹೋಯಿತು. ಹುಡುಗಿ ಕಿಟಕಿಯ ಬಳಿ ಕೂತಳು. ಬಿಸಿಲಿನಲ್ಲಿ ಧೂಳು ಎದ್ದು ಇಳಿಯುತ್ತಿತ್ತು, ಬಸ್ಸು ಕಬ್ಬಿನ ನಡುವೆ ಸಣ್ಣದಾಗುತ್ತಾ ಹೋಯಿತು. ನನ್ನ ಎರಡು ಅವಧಿಯಲ್ಲಿ ಪೂರ್ತಿ ಎಚ್ಚರವಿದ್ದು ಸಂತೋಷಪಟ್ಟ ದಿನ ಅದೊಂದೇ ಇರಬೇಕು.

ಆಮೇಲೆ ಆಗಬೇಕಾದದ್ದು ಆಯಿತು. ನಾನು ಮಾತಾಡಿದ್ದನ್ನು ಯಾರೋ ಕತ್ತರಿಸಿ, ಹಿಂದೆ ಜೋಗುಳದ ರಾಗ ಹಾಕಿ, ಎಲ್ಲರ ಮೊಬೈಲಿಗೆ ಹಬ್ಬಿಸಿದರು. ಮಲಗುವ ಶಾಸಕಿ ಎಂಬ ಹೆಸರು ಬಂತು. ಮದುವೆಗೆ ಹೋದರೆ ದಿಂಬು ಕೊಡಲೇನ್ರಿ ಎಂದು ಕೇಳುವವರಿದ್ದರು. ಮುಂದಿನ ಚುನಾವಣೆಯ ಹೊತ್ತಿಗೆ ಪಕ್ಷದವರು ಕರೆದು, "ಅಕ್ಕೋರ, ಈ ಸಲ ಆರಾಮ ತಗೋರಿ," ಎಂದರು. ನಮ್ಮದೇ ಸರ್ಕಾರದ ಮಂತ್ರಿಯನ್ನು ಸದನದಲ್ಲಿ ಇಕ್ಕಟ್ಟಿಗೆ ಸಿಕ್ಕಿಸಿದ್ದನ್ನು ಅವರು ಮರೆತಿರಲಿಲ್ಲ. ಟಿಕೆಟ್ ಬೇರೆಯವರ ಪಾಲಾಯಿತು.

ನನಗೆ ನೋವಾಯಿತು. ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಬೆಳಿಗ್ಗೆ ಅಂಗಳದಲ್ಲಿ ಜನ ಇಲ್ಲದಿರುವುದು, ಫೋನು ಸುಮ್ಮನಿರುವುದು, ಎರಡು ವರ್ಷ ಅಭ್ಯಾಸವಾಗಲಿಲ್ಲ. ಒಳಗೊಳಗೆ ಆಯಿಯ ಮೇಲೂ ಸಿಟ್ಟಿತ್ತು. ಆದರೆ ಒಂದು ಸಮಾಧಾನವಿತ್ತು. ಬಂದವರ ಮುಂದೆ ಆ ಕತೆ ಹೇಳುತ್ತಿದ್ದೆ: ನಿದ್ದೆಯಲ್ಲಿ ಕೊಟ್ಟ ಮಾತನ್ನೂ ನಡೆಸಿದವಳು ನಾನು, ಅದಕ್ಕಾಗಿ ಕುರ್ಚಿ ಕಳಕೊಂಡವಳು. ಹೇಳಿ ಹೇಳಿ ಆ ಕತೆಯಲ್ಲಿ ನಾನು ಬಹಳ ದೊಡ್ಡವಳಾಗಿದ್ದೆ.

ಹೋದ ವರ್ಷ ತೊಗರಿ ಹೂವಿನ ಕಾಲದಲ್ಲಿ ಒಂದು ಭಾನುವಾರ ಅದೇ ಬಸ್ಸು ಹತ್ತಿದೆ. ಹೆಂಗಸರು ಈಗ ಬಸ್ಸಿಗೆ ದುಡ್ಡು ಕೊಡಬೇಕಿಲ್ಲ. ಕಂಡಕ್ಟರ್ ನನ್ನ ಆಧಾರ್ ಕಾರ್ಡ್ ನೋಡಿ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟ, ನನ್ನ ಗುರುತು ಅವನಿಗೆ ಹತ್ತಲಿಲ್ಲ. ಕಣದಲ್ಲಿ ಇಳಿದೆ. ಆಯಿ ಗೋಡೆಗೆ ಆತು ಬಿಸಿಲು ಕಾಯಿಸುತ್ತಾ ಕೂತಿದ್ದಳು. ಮೊಮ್ಮಗಳು ಡಿಗ್ರಿ ಎರಡನೆಯ ವರ್ಷದಲ್ಲಿದ್ದಳು, ಒಳಗಿನಿಂದ ಚಾ ತಂದಳು. ಅವಳ ಹಿಂದೆ ಊರಿನ ಇನ್ನೂ ಐದು ಹುಡುಗಿಯರು ಕಾಲೇಜಿಗೆ ಹೋಗುತ್ತಿದ್ದಾರೆಂದು ಆಯಿ ಬೆರಳು ಮಡಿಚಿ ಹೇಳಿದಳು.

ನನಗೆ ಹೇಳಿಬಿಡಬೇಕು ಅನಿಸಿತು. "ಆಯಿ, ಒಂದು ಮಾತು. ಅವತ್ತು ಗೇಟಿನ ಹತ್ರ ನೀ ಕೇಳಿದಾಗ ನಾ ಎಚ್ಚರಿರಲಿಲ್ಲ. ಮಲಗಿದ್ದೆ."

ಆಯಿ ಚಾ ಬಸಿ ಕೆಳಗಿಟ್ಟು ನಕ್ಕಳು. "ನನಗ ಗೊತ್ತಿತ್ತಲ್ರಿ, ಅಕ್ಕೋರ."

"ಏನು ಗೊತ್ತಿತ್ತು?"

"ನೀವು ಮಲಗಿದ್ದು. ಸಣ್ಣಗೆ ಗೊರಕಿ ಹೊಡೀಲಿಕ್ಕತ್ತಿದ್ರಿ. ನಿಮ್ಮ ಡ್ರೈವರ್ ಸಾಹೇಬ್ರು ಎಬ್ಬಸ್ತೇನಿ ತಡಿ ಅಂದ್ರು. ನಾನೇ ಬ್ಯಾಡ್ರಿ ಅಂದೆ, ಎಬ್ಬಿಸಿದ್ರ ಮತ್ತ ನೋಡೋಣ ಅಂತಾರ ಅಂದೆ. ಅವ್ರೂ ನಕ್ಕು ಸುಮ್ನಾದ್ರು."

ಚಾಚಾ ಒದ್ದೆ ಬಟ್ಟೆ ಹಿಂಡುತ್ತಾ ನಿಂತದ್ದು ಕಣ್ಣ ಮುಂದೆ ಬಂತು. "ಮತ್ತ ಅಂದ್ರ? ಮೊದಲೂ ಕೇಳಿದ್ದೇನು?" ಎಂದು ಕೇಳಿದೆ.

"ಎಚ್ಚರಿದ್ದಾಗ ಮೂರು ಸಲ ಕೇಳಿದ್ವಿ. ಮೊದಲು ಭಾಲ್ಕಿಯ ಸಭಾದಾಗ. ಆಮ್ಯಾಲ ನಿಮ್ಮ ಮನೀಗೇ ಬಂದಿದ್ವಿ, ಚಾ ಕುಡಿಸಿದ್ರಿ. ಮೂರನೇದು ಮೆಹಕರದಾಗ ಒಂದು ಲಗ್ನದಾಗ, ನನ್ನ ಎರಡೂ ಕೈ ಹಿಡ್ಕೊಂಡು ಅಂದ್ರಿ, ನೋಡೋಣ ಆಯಿ ಅಂತ. ಮೂರೂ ಸಲ ಈ ಹುಡುಗಿ ನನ್ನ ಜೋಡಿ ಇದ್ಳು." ಆಯಿಯ ದನಿಯಲ್ಲಿ ಸಿಟ್ಟಿರಲಿಲ್ಲ. "ನನ್ನ ಮಗ ನಿಮ್ಮ ಸಾಲಿಯಾಗೇ ಕಲ್ತಾನ್ರಿ. ಮಧ್ಯಾಹ್ನದಾಗ ಹುಡುಗರು, ಅಕ್ಕೋರ, ಮನಿಗೆ ಹೋಗ್ಲೇನ್ರಿ ಅಂದ್ರ, ನೀವು ಕಣ್ಣು ಮುಚ್ಚಿಕೊಂಡೇ ಹೂಂ ಅಂತಿದ್ರಂತ. ಅದು ನೆನಪಾತು. ಎಚ್ಚರಿದ್ದಾಗ ಆಗಂಗಿಲ್ಲ, ಮಲಗಿದಾಗರ ಕೇಳಿ ನೋಡೋಣಂತ ಗೇಟಿಗೆ ಬಂದು ಕುಂತಿನ್ರಿ. ನಾಕು ದಿನ ಕುಂತೆ."

ನಾನು ನೆನಪು ಮಾಡಿಕೊಳ್ಳಲು ನೋಡಿದೆ. ಭಾಲ್ಕಿಯ ಸಭೆ, ನಮ್ಮ ಮನೆಯ ಚಾ, ಮೆಹಕರದ ಲಗ್ನ. ಹಸಿರು ಸೀರೆಯ ಮುದುಕಿ, ಜೊತೆಗೊಂದು ಹುಡುಗಿ. ಎಷ್ಟು ತಡಕಾಡಿದರೂ ಒಂದೂ ಸಿಗಲಿಲ್ಲ. ಆ ಎರಡೂ ಕೈ ಹಿಡಿದದ್ದು ನನ್ನ ಕೈಗೇ ನೆನಪಿರಲಿಲ್ಲ. ನಾಚಿಕೆಯಾಯಿತು. ನಿದ್ದೆಯಲ್ಲಿದ್ದೆ ಎಂದು ಇಡೀ ಸದನಕ್ಕೆ ಹೇಳಿ ಬೀಗಿದವಳಿಗೆ, ಕಣ್ಣು ತೆರೆದಿದ್ದ ಆ ಮೂರು ಸಲವೂ ನಿದ್ದೆಯಲ್ಲೇ ಇದ್ದೆ ಎಂಬುದು ಗೊತ್ತಿರಲಿಲ್ಲ. ಆಯಿ ನನ್ನ ಮುಖ ನೋಡಿ, ಚಾ ಆರ್ತದ, ಕುಡೀರಿ ಎಂದಳು.

ನಾಲ್ಕು ಗಂಟೆಗೆ ಬಸ್ಸು ತಿರುಗಿ ನಿಂತಿತು. ಮರುದಿನ ಪರೀಕ್ಷೆಯೆಂದು ಮೊಮ್ಮಗಳು ಭಾಲ್ಕಿಯ ಸೋದರತ್ತೆಯ ಮನೆಗೆ ಹೊರಟಿದ್ದಳು, ನನ್ನ ಪಕ್ಕವೇ ಕೂತಳು. ಬಸ್ಸು ಹೊರಟಂತೆ ಮಾತಿಗೆ ಶುರುವಾದಳು. ಪರೀಕ್ಷೆಯ ವಿಷಯ, ಹಿಂದೆ ಬರುವ ಹುಡುಗಿಯರ ವಿಷಯ, ಸಂಜೆ ಪ್ರಾಕ್ಟಿಕಲ್ ಇದ್ದ ದಿನ ಭಾಲ್ಕಿಯಿಂದ ನಾಲ್ಕಕ್ಕೆ ಊರು ಮುಟ್ಟುವ ಈ ಬಸ್ಸು ತಪ್ಪಿದರೆ ಆಗುವ ಪಾಡು, ಅದಕ್ಕೆ ಅವರೆಲ್ಲ ಸೇರಿ ಏನು ಮಾಡಬೇಕೆಂದಿದ್ದಾರೆ ಎಂಬುದು. ಇಳಿಬಿಸಿಲು ಎರಡೂ ಕಡೆಯ ತೊಗರಿ ಹೂವಿನ ಮೇಲೆ ಹರಡಿತ್ತು. ಬಸ್ಸು ತೂಗುತ್ತಿತ್ತು. ಹುಡುಗಿಯ ದನಿ ಹತ್ತಿರ ಬರುತ್ತಿತ್ತು, ದೂರ ಹೋಗುತ್ತಿತ್ತು, ಎಲ್ಲೋ ಅಜ್ಜಿಯ ಮೊರದ ಸಪ್ಪಳವೂ ಅದರಲ್ಲಿ ಸೇರಿಕೊಂಡಿತು. ನಾನು ಹೂಂ ಹೂಂ ಅನ್ನುತ್ತಿದ್ದೆ.

ದನಿ ನಿಂತಿತು.

"ಅಕ್ಕೋರ, ಮಲಗೀರೇನ್ರಿ?"

ಕಪ್ಪು ಚಶ್ಮಾ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ. ಬೆಳಕು ಕಣ್ಣಿಗೆ ಚುಚ್ಚಿ ನೀರು ಬಂತು. ಅವಳ ಕಡೆ ತಿರುಗಿ ಕೂತೆ.

"ಮಲಗಿದ್ದೆ ನೋಡವ್ವಾ," ಅಂದೆ. "ಈಗ ಎಚ್ಚರಾಗೀನಿ. ಮೊದಲಿಂದ ಹೇಳು."